ತಳ, ಬೆನ್ನು, ಎಡಗೈ

ಜೆ.ಪಿ. ನಗರ 3ನೇ ಫೇಸಿನ ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟಿನ ಒಂದು ಶೆಡ್ಡಿನಲ್ಲಿ ನಾನು ಕೆಲಸಕ್ಕೆ ಸೇರಿದ್ದು 2007ರಲ್ಲಿ. ತೀರ್ಥಹಳ್ಳಿ ಕಡೆಯ ಹುಡುಗ; ಡಿಪ್ಲೊಮಾ ಮುಗಿದಿತ್ತು, ಮೂರು ತಿಂಗಳು ಕ್ಯಾಮ್ ಸಾಫ್ಟ್‌ವೇರ್ ಕಲಿತ ಸರ್ಟಿಫಿಕೇಟು ಕೈಯಲ್ಲಿತ್ತು. ಕದಿರೇನಹಳ್ಳಿಯ ಬಾಡಿಗೆ ಕೋಣೆಯಿಂದ ದಿನಾ ಸೈಕಲ್ ತುಳಿದುಕೊಂಡು ಬರುತ್ತಿದ್ದೆ. ಶೆಡ್ಡಿನಲ್ಲಿ ಎರಡು ವರ್ಟಿಕಲ್ ಮಷಿನಿಂಗ್ ಸೆಂಟರ್, ಒಂದು ಲೇತು, ಎಚ್‌ಎಂಟಿಯ ಹಳೆಯ ಮಿಲ್ಲಿಂಗ್ ಮಷಿನ್ ಒಂದು. ಮೂಲೆಯಲ್ಲಿ ಗಾಜಿನ ಪುಟ್ಟ ಕೋಣೆ. ಅದರೊಳಗೆ ಕಂಪ್ಯೂಟರ್ ಮುಂದೆ ಕೂರುವವನು ನಾನು.

ಕೆಲಸ ಹೇಳಲು ಸುಲಭ. ಗಿರಾಕಿಗಳು ತಮಗೆ ಬೇಕಾದ ಬಿಡಿಭಾಗದ ಮಾಡೆಲನ್ನು ಇ-ಮೇಲಿನಲ್ಲಿ ಕಳಿಸುತ್ತಿದ್ದರು, ಹೆಚ್ಚಾಗಿ ಸ್ಟೆಪ್ ಫೈಲು. ಅದನ್ನು ಕ್ಯಾಮ್ ಸಾಫ್ಟ್‌ವೇರಿನಲ್ಲಿ ತೆರೆದು, ಯಾವ ಟೂಲು ಎಲ್ಲಿ ಹೇಗೆ ಓಡಬೇಕು ಎಂದು ದಾರಿ ಹಾಕಿ, ಆ ದಾರಿಯನ್ನು ಮಷಿನಿಗೆ ಅರ್ಥವಾಗುವ ಕೋಡ್ ಮಾಡಿ ಕಳಿಸಬೇಕು. ಕಷ್ಟವೆಲ್ಲ ಟೂಲು ಆರಿಸುವುದರಲ್ಲಿ, ಸ್ಪೀಡು ಫೀಡುಗಳ ಲೆಕ್ಕದಲ್ಲಿ ಇದೆ ಎಂದು ನಾನು ನಂಬಿದ್ದೆ. ನನಗೆ ಕಲಿಸಿದವರೂ ಅದನ್ನೇ ಹೆಚ್ಚು ಕಲಿಸಿದ್ದರು. ಅದಕ್ಕೂ ಮೊದಲು ಎರಡು ನಿಮಿಷದಲ್ಲಿ ಮುಗಿಯುವ ಒಂದು ಹೆಜ್ಜೆ ಇದೆ. ತೆರೆದ ಮಾಡೆಲ್ ಯಾವ ಕಡೆ ತಲೆ ಮಾಡಿ, ಯಾವ ಕಡೆ ಮುಖ ಮಾಡಿ ಕೂರಬೇಕು ಎಂದು ತೀರ್ಮಾನಿಸುವುದು. ಸರ್ಟಿಫಿಕೇಟ್ ಕೋರ್ಸಿನಲ್ಲಿ ಇದಕ್ಕೆ ಅರ್ಧ ಗಂಟೆಯೂ ಕೊಟ್ಟಿರಲಿಲ್ಲ. ನನ್ನ ವೃತ್ತಿಯ ಮೊದಲ ದೊಡ್ಡ ತಪ್ಪು ನಡೆದದ್ದು ಅಲ್ಲೇ.

ಮಾಡೆಲ್ ತೆರೆದಾಗ ಅದು ಅಡ್ಡಡ್ಡ ಮಲಗಿರುತ್ತದೆ, ಇಲ್ಲವೆ ಬದಿಯ ಮೇಲೆ ನಿಂತಿರುತ್ತದೆ. ಹೊಸಬರು ಇದನ್ನು ಫೈಲಿನ ದೋಷ ಎಂದುಕೊಳ್ಳುತ್ತಾರೆ. ದೋಷವಲ್ಲ. ಡಿಸೈನರ್ ನೋಡುವುದು ಗೋಡೆಯನ್ನು, ಮಷಿನಿನವನು ನೋಡುವುದು ನೆಲವನ್ನು. ಸಾಲಿಡ್‌ವರ್ಕ್ಸ್‌ನಂಥ ಸಾಫ್ಟ್‌ವೇರಿನಲ್ಲಿ ಡಿಸೈನರ್ ಮೊದಲ ಗೆರೆ ಎಳೆಯುವುದು ಸಾಮಾನ್ಯವಾಗಿ ಮುಂಭಾಗದ ಸಮತಲದ ಮೇಲೆ. ಅಲ್ಲಿ ಬಲಕ್ಕೆ ಎಕ್ಸ್, ಮೇಲಕ್ಕೆ ವೈ, ನಮ್ಮ ಎದೆಯ ಕಡೆಗೆ ಝಡ್. ಗೋಡೆಗೆ ತೂಗುಹಾಕಿದ ದೇವರ ಪಟವನ್ನು ನೋಡುವ ನೋಟ ಅದು. ಮಷಿನಿನಲ್ಲಿ ಹಾಗಲ್ಲ. ಸ್ಪಿಂಡಲ್ ಯಾವ ದಿಕ್ಕಿಗೆ ನಿಂತಿದೆಯೋ ಅದೇ ಝಡ್ ಎಂಬುದು ಲೋಕವೆಲ್ಲ ಒಪ್ಪಿದ ನಿಯಮ, ಐಎಸ್‌ಒ 841. ಲೇತಿನಲ್ಲಿ ಸ್ಪಿಂಡಲ್ ಮಲಗಿರುವುದರಿಂದ ಝಡ್ ಕೂಡ ಮಲಗುತ್ತದೆ. ನಮ್ಮ ಮಷಿನಿಂಗ್ ಸೆಂಟರಿನಲ್ಲಿ ಅದು ನೆಟ್ಟಗೆ ಆಕಾಶ ನೋಡುತ್ತದೆ. ಅಂಗಳದಲ್ಲಿ ಬಗ್ಗಿ ರಂಗೋಲಿ ಇಡುವವರ ನೋಟ ಇದು: ಬಲಕ್ಕೆ ಎಕ್ಸ್, ಎದುರಿಗೆ ದೂರಕ್ಕೆ ವೈ, ಮೇಲಕ್ಕೆ ಝಡ್. ಗೋಡೆಯ ಪಟವನ್ನು ನೆಲದ ರಂಗೋಲಿ ಮಾಡಲು ಎಕ್ಸ್ ಸುತ್ತ 90 ಡಿಗ್ರಿ ತಿರುಗಿಸಬೇಕು. ಪ್ಲಸ್ 90 ಕೊಟ್ಟರೆ ತಲೆ ಮೇಲೆ, ಮೈನಸ್ 90 ಕೊಟ್ಟರೆ ತಲೆ ಕೆಳಗೆ. ಎರಡೂ ಪರದೆಯ ಮೇಲೆ ಒಂದೇ ಥರ ಚೆಂದವಾಗಿ ಕಾಣುವುದರಿಂದಲೇ ಅಪಾಯ.

ಆ ವರ್ಷದ ಮಳೆಗಾಲದಲ್ಲಿ ನಮಗೊಂದು ಆರ್ಡರ್ ಬಂತು. ಅಲ್ಯೂಮಿನಿಯಂ ಪ್ಲೇಟು, ಉದ್ದ 160 ಮಿ.ಮೀ., ಅಗಲ 100, ದಪ್ಪ 30. ಒಂದು ಮುಖದಲ್ಲಿ 15 ಮಿ.ಮೀ. ಆಳದ ಪಾಕೆಟ್; ಪಾಕೆಟ್ಟಿನ ಒಂದು ತುದಿಯಲ್ಲಿ ಸಣ್ಣ ಮೆಟ್ಟಿಲು. ಇನ್ನೊಂದು ಮುಖದ ನಾಲ್ಕು ಮೂಲೆಗೆ ನಾಲ್ಕು ಎಂ6 ಟ್ಯಾಪ್, ಜೊತೆಗೆ ನಡುವಿನಿಂದ 12 ಮಿ.ಮೀ. ಸರಿದ ಒಂದು ಡೋವೆಲ್ ತೂತು. ಆ ಮುಖದ ತೂತು ಈ ಮುಖದ ಮೆಟ್ಟಿಲಿರುವ ಕಡೆಗೇ ಬರಬೇಕು. ಎರಡು ಸೆಟ್ಟಿಂಗ್ ಕೆಲಸ: ಮೊದಲು ಪಾಕೆಟ್ ಹೊಡೆದು, ಆಮೇಲೆ ಜಾಬನ್ನು ಮಗುಚಿ ತೂತು ಹಾಕುವುದು. ನಾನು ಎರಡಕ್ಕೂ ಪ್ರೋಗ್ರಾಂ ಮಾಡಿ, ಸೆಟಪ್ ಶೀಟಿನಲ್ಲಿ ಇಂಗ್ಲಿಷಿನಲ್ಲಿ ‘ಎರಡನೇ ಸೈಡ್, ಜೀರೋ ಸೆಂಟರ್’ ಎಂದಷ್ಟೇ ಬರೆದಿಟ್ಟು ಮನೆಗೆ ಹೋದೆ. ಜೀರೋ ಅಂದರೆ ಅಳತೆಗಳೆಲ್ಲ ಶುರುವಾಗುವ ಬಿಂದು.

ರಾತ್ರಿ ಪಾಳಿಯವನು ಗೌರಿಬಿದನೂರಿನ ಕಡೆಯ ಹುಡುಗ, ನನಗಿಂತ ಶ್ರದ್ಧೆಯ ಕೆಲಸಗಾರ. ಬೆಳಿಗ್ಗೆ ಬಂದಾಗ ಟೇಬಲ್ ಮೇಲೆ 11 ಪೀಸು ಸಾಲಾಗಿ ನಿಂತಿದ್ದವು. ಬರ್ ತೆಗೆದು, ಒರೆಸಿ, ಹೊಳೆಯುವಂತೆ ಇಟ್ಟಿದ್ದ. ನಮ್ಮ ಫೋರ್‌ಮನ್ ಒಂದನ್ನು ಕೈಗೆ ತೆಗೆದುಕೊಂಡರು. ಡ್ರಾಯಿಂಗ್ ಪಕ್ಕದಲ್ಲಿಟ್ಟರು. ಪಾಕೆಟ್ ನೋಡಿದರು, ಮಗುಚಿ ತೂತು ನೋಡಿದರು, ಮತ್ತೆ ಮಗುಚಿ ಪಾಕೆಟ್ ನೋಡಿದರು. ಎರಡನೆಯದನ್ನೂ ಮೂರನೆಯದನ್ನೂ ಹಾಗೆಯೇ ನೋಡಿ ಕೆಳಗಿಟ್ಟರು. ತೂತು ಮೆಟ್ಟಿಲಿಲ್ಲದ ತುದಿಯ ಕಡೆಗೆ ಸರಿದಿತ್ತು. ಹನ್ನೊಂದಕ್ಕೆ ಹನ್ನೊಂದೂ. ಅಳತೆಯಲ್ಲಿ ಒಂದೂ ತಪ್ಪಿಲ್ಲ, 12 ಅಂದರೆ 12. ಬದಿ ಮಾತ್ರ ಬೇರೆ.

ನನ್ನ ಕೈಕಾಲು ತಣ್ಣಗಾದವು. ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ನೋಡಿದೆ; ನನ್ನ ಪ್ರೋಗ್ರಾಂ ಸರಿಯಾಗಿಯೇ ಇತ್ತು. ಆಪರೇಟರ್ ಕೂಡ ಸರಿಯಾಗಿಯೇ ಕಟ್ಟಿದ್ದ. ಇಬ್ಬರೂ ಸರಿ ಇದ್ದು ಕೆಲಸ ಹಾಳಾದದ್ದು ಹೇಗೆ ಎಂದು ನನಗೆ ತಿಳಿಯಲಿಲ್ಲ.

ಫೋರ್‌ಮನ್ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಚಿತ್ರದ ಮುಖ ಮೇಲೆ ಮಾಡಿ ಟೇಬಲ್ ಮೇಲಿಟ್ಟರು. ಅದರ ಬಲ ತುದಿಗೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು. “ಇದನ್ನ ಮಗುಚು” ಎಂದರು. ನಾನು ಪುಸ್ತಕದ ಹಾಳೆ ತಿರುವುವಂತೆ ಬಲದಿಂದ ಎಡಕ್ಕೆ ಮಗುಚಿದೆ. ಚುಕ್ಕೆಯ ತುದಿ ಎಡಕ್ಕೆ ಹೋಯಿತು. ಅವರು ಮೊದಲಿದ್ದ ಹಾಗೆ ಇಟ್ಟು, ರಾತ್ರಿ ಪಾಳಿಯವನನ್ನು ಕರೆದು ಅದೇ ಮಾತು ಹೇಳಿದರು. ಅವನು ಗೋಡೆ ಕ್ಯಾಲೆಂಡರಿನ ಹಾಳೆ ಎತ್ತುವಂತೆ ತನ್ನ ಕಡೆಯಿಂದ ಆಚೆ ಕಡೆಗೆ ಮಗುಚಿದ. ಚುಕ್ಕೆಯ ತುದಿ ಬಲದಲ್ಲೇ ಉಳಿಯಿತು.

“ಅವನು ಮಾಡಿದ್ದಕ್ಕೆ ಕಾರಣ ಇದೆ,” ಎಂದರು. ಜಾಬನ್ನು ಕಚ್ಚಿ ಹಿಡಿಯುವ ವೈಸಿನ ಎಡಕ್ಕೆ, ಜಾಬಿನ ತುದಿ ತಾಗಿ ನಿಲ್ಲಲು ಒಂದು ಸ್ಟಾಪ್ ಹಾಕಿರುತ್ತೇವೆ. ಕ್ಯಾಲೆಂಡರಿನಂತೆ ಮಗುಚಿದರೆ ಎಡ ತುದಿ ಎಡದಲ್ಲೇ ಇರುತ್ತದೆ, ಸ್ಟಾಪ್ ಕದಲಿಸಬೇಕಾಗಿಲ್ಲ. ನಾನು ಮಾಡಿದ್ದಕ್ಕೂ ಕಾರಣವಿತ್ತು. ಪುಸ್ತಕದಂತೆ ಮಗುಚಿದರೆ ವೈಸಿನ ಕದಲದ ದವಡೆಗೆ ಒರಗಿದ ಮುಖವೇ ಮತ್ತೆ ಆ ದವಡೆಗೆ ಒರಗುತ್ತದೆ, ಅಳತೆ ಅದೇ ಮುಖದಿಂದ ಬರುತ್ತದೆ. ಸಾಫ್ಟ್‌ವೇರಿನ ಭಾಷೆಯಲ್ಲಿ ನಾನು ವೈ ಸುತ್ತ ತಿರುಗಿಸಿದ್ದೆ, ಅವನು ಎಕ್ಸ್ ಸುತ್ತ. ಈ ಎರಡಕ್ಕೂ ಇರುವ ವ್ಯತ್ಯಾಸ ಟೇಬಲ್ ಮೇಲೆ ಅರ್ಧ ಸುತ್ತು. ಪ್ಲೇಟು ಆಯತಾಕಾರ, ನಾಲ್ಕು ಟ್ಯಾಪ್ ನಾಲ್ಕು ಮೂಲೆಗೆ, ಜೀರೋ ನಟ್ಟನಡುವೆ. ಅರ್ಧ ಸುತ್ತು ತಿರುಗಿದರೂ ಎಲ್ಲವೂ ಮೊದಲಿನ ಹಾಗೇ ಕಾಣುತ್ತದೆ. ಟೂಲು ಎಲ್ಲೂ ಡಿಕ್ಕಿ ಹೊಡೆಯುವುದಿಲ್ಲ, ಮಷಿನ್ ಅಲಾರಂ ಕೊಡುವುದಿಲ್ಲ. ಆ ಒಂದೇ ಒಂದು ತೂತು ಮಾತ್ರ ಸತ್ಯ ಹೇಳುತ್ತದೆ.

“ದುಂಡಗಿರೋ ದೋಸೇನ ಹೇಗೆ ಮಗುಚಿದ್ರೂ ದೋಸೇನೆ. ಇದು ದೋಸೆ ಅಲ್ಲ. ಹೇಗೆ ಮಗುಚಬೇಕು ಅಂತ ನೀನು ಬರೆದಿಲ್ಲ,” ಎಂದರು. ಗದರಲಿಲ್ಲ. ಆ ಮಾತು ನನ್ನೊಳಗೆ ಇಂದಿಗೂ ಇದೆ. ನನ್ನ ಮಾಡೆಲಿನ ದಿಕ್ಕು ನನ್ನ ತಲೆಯಲ್ಲಿತ್ತು, ಜಾಬಿನ ದಿಕ್ಕು ಅವನ ಕೈಯಲ್ಲಿತ್ತು, ಎರಡರ ನಡುವೆ ಒಂದು ಮಾತೂ ಇರಲಿಲ್ಲ. ತಪ್ಪು ನನ್ನದೇ.

ಆ ದಿನ ಮಧ್ಯಾಹ್ನ ಊಟದ ಮೇಲೆ ಅವರು ನನ್ನನ್ನು ವೈಸಿನ ಮುಂದೆ ನಿಲ್ಲಿಸಿ ಒಂದು ಪಾಠ ಹೇಳಿದರು. ಪ್ರತಿ ಜಾಬಿಗೂ ಒಂದು ಮೈ ಇದೆ ಎಂದುಕೊ. ಅದು ಯಾವುದರ ಮೇಲೆ ಕೂರುತ್ತದೋ ಅದು ತಳ. ಕದಲದ ದವಡೆಗೆ ಒರಗುವುದು ಬೆನ್ನು. ಸ್ಟಾಪಿಗೆ ತಾಗುವುದು ಎಡಗೈ. ಈ ಮೂರು ಹೇಳಿಬಿಟ್ಟರೆ ಜಾಬು ಬೇರೆ ರೀತಿಯಲ್ಲಿ ಕೂರಲು ಸಾಧ್ಯವೇ ಇಲ್ಲ.

ಕಾಲೇಜಿನಲ್ಲಿ ಜಿಗ್ಸ್ ಅಂಡ್ ಫಿಕ್ಸ್ಚರ್ಸ್ ಪಾಠದಲ್ಲಿ 3-2-1 ಎಂಬ ಸೂತ್ರ ಉರುಹಾಕಿದ್ದೆ. ಜಾಗದಲ್ಲಿ ತೇಲುವ ವಸ್ತುವಿಗೆ ಆರು ಬಗೆಯ ಚಲನೆ ಇದೆ: ಮೂರು ದಿಕ್ಕಿಗೆ ಸರಿಯುವುದು, ಮೂರು ಅಕ್ಷದ ಸುತ್ತ ತಿರುಗುವುದು. ತಳಕ್ಕೆ ಮೂರು ಬಿಂದು ಕೊಟ್ಟರೆ ಮೇಲೆ ಕೆಳಗೆ ಸರಿಯುವುದೂ ಎರಡು ಕಡೆಗೆ ವಾಲುವುದೂ ನಿಲ್ಲುತ್ತವೆ. ಬೆನ್ನಿಗೆ ಎರಡು ಬಿಂದು ಕೊಟ್ಟರೆ ಹಿಂದೆ ಮುಂದೆ ಸರಿಯುವುದೂ ಗಿರಕಿ ಹೊಡೆಯುವುದೂ ನಿಲ್ಲುತ್ತವೆ. ಎಡಗೈಗೆ ಒಂದು ಬಿಂದು ಕೊಟ್ಟರೆ ಉಳಿದ ಒಂದೂ ನಿಲ್ಲುತ್ತದೆ. ಡ್ರಾಯಿಂಗಿನಲ್ಲಿ ಎ, ಬಿ, ಸಿ ಎಂದು ಚೌಕಟ್ಟು ಹಾಕಿ ತೋರಿಸುವ ಡೇಟಂ ಮುಖಗಳೂ ಹೆಚ್ಚಿನ ಮಟ್ಟಿಗೆ ಇವೇ. ಪರೀಕ್ಷೆಗೆ ಬರೆದಾಗ ಅಂಕ ಸಿಕ್ಕಿತ್ತು. ಅರ್ಥ ಸಿಕ್ಕಿದ್ದು ಆ ವೈಸಿನ ಮುಂದೆ.

ಫೋರ್‌ಮನ್ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಕೈ ಪಳಗಿಸಿಕೊಂಡವರು. 1953ರಲ್ಲಿ ಶುರುವಾದ ಆ ಕಾರ್ಖಾನೆ ಬೆಂಗಳೂರಿನ ಎಷ್ಟೋ ಶೆಡ್ಡುಗಳಿಗೆ ಇಂಥವರನ್ನು ಕೊಟ್ಟಿದೆ. ತಮ್ಮ ಕಾಲದಲ್ಲಿ ಕತ್ತರಿಸುವ ಮೊದಲು ಮಾರ್ಕಿಂಗ್ ಎಂಬ ಕೆಲಸವೇ ಬೇರೆ ಇತ್ತು ಎನ್ನುತ್ತಿದ್ದರು. ಬೀಡಿನ ಎರಕ ಬಂದರೆ ಅದಕ್ಕೆ ಸುಣ್ಣದ ನೀರು ಬಳಿಯುವುದು. ಮಷಿನ್ ಆದ ಉಕ್ಕಾದರೆ ಮೈಲುತುತ್ತದ ನೀರು, ಅದು ತಾಗಿದ ಕಡೆ ತಾಮ್ರದ ಬಣ್ಣ ಹಿಡಿಯುತ್ತದೆ. ನಮ್ಮೂರಿನಲ್ಲಿ ಅಡಿಕೆ ತೋಟಕ್ಕೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣವೂ ಇದೇ ಎರಡರಿಂದ ಆದದ್ದು; ಕೇಳಿ ನನಗೆ ಊರೇ ಎದುರು ಬಂದಂತಾಯಿತು. ಬಳಿದ ಮೇಲೆ ಸರ್ಫೇಸ್ ಪ್ಲೇಟಿನ ಮೇಲೆ ಎರಕವನ್ನು ಇಟ್ಟು, ಅಡಿಗೆ ಸಣ್ಣ ಜಾಕ್ ಕೊಟ್ಟು, ಆ ಕಡೆ ಈ ಕಡೆ ವಾಲಿಸಿ, ಎಲ್ಲ ಮುಖಕ್ಕೂ ಕತ್ತರಿಸಲು ಬೇಕಾದಷ್ಟು ಲೋಹ ಉಳಿಯುವ ಭಂಗಿ ಹುಡುಕಿ, ಆಮೇಲೆ ಮೊದಲ ಗೆರೆ. ಒಂದು ಗೆರೆಗೆ ಅರ್ಧ ದಿನ ಹಿಡಿದದ್ದೂ ಇತ್ತಂತೆ. “ಈಗ ಗೆರೆ ಎಳೆಯೋ ಟೇಬಲ್ ಹೋಯ್ತು. ನಿನ್ನ ಕಂಪ್ಯೂಟರಲ್ಲಿ ಆ ಎರಡು ನಿಮಿಷ ಇದೆಯಲ್ಲ, ಅದೇ ಆ ಟೇಬಲ್” ಎಂದರು. ಸಾಫ್ಟ್‌ವೇರ್ ಬಂದು ಕಷ್ಟ ತೀರಿತು ಎಂದುಕೊಂಡಿದ್ದ ನನಗೆ, ತೀರ್ಮಾನ ಹಾಗೆಯೇ ಉಳಿದಿದೆ, ಅದಕ್ಕೆ ಕೊಡುವ ಸಮಯ ಮಾತ್ರ ಕಡಿಮೆಯಾಗಿದೆ ಎಂದು ತಿಳಿಯಿತು.

ಅಂದಿನಿಂದ ಸೆಟಪ್ ಶೀಟನ್ನು ಕನ್ನಡದಲ್ಲಿ ಬರೆಯತೊಡಗಿದೆ. ‘ತಳ: ಪಾಕೆಟ್ ಇರುವ ಮುಖ. ಬೆನ್ನು: ಉದ್ದನೆಯ ನುಣುಪು ಮುಖ, ಮೊದಲಿನದೇ. ಎಡಗೈ: ಮೆಟ್ಟಿಲಿರುವ ತುದಿ. ಪುಸ್ತಕದಂತೆ ಮಗುಚು.’ ಪಕ್ಕದಲ್ಲಿ ಪೆನ್ಸಿಲಿನ ಒಂದು ಚಿತ್ರ. ಕಚ್ಚಾ ಬ್ಲಾಕಿನಲ್ಲಿ, ಟೂಲು ತಾಗದ ಒಂದು ಮೂಲೆಗೆ ಮಾರ್ಕರಿನ ಚುಕ್ಕೆ. ಆ ಚುಕ್ಕೆ ಯಾವ ಸೆಟ್ಟಿಂಗಿನಲ್ಲಿ ಎಲ್ಲಿರಬೇಕು ಎಂಬುದು ಚಿತ್ರದಲ್ಲಿ. ರಾತ್ರಿ ಪಾಳಿಯವನು ಮೊದಲ ಸಲ ಅದನ್ನು ಓದಿ, “ಅಣ್ಣಾ, ಇನ್ನು ಫೋನ್ ಮಾಡಿ ಎಬ್ಬಿಸೋದು ಬೇಡ” ಎಂದ. ಅವನಿಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಆದರೆ ರಾತ್ರಿ ಎರಡು ಗಂಟೆಗೆ, ಕೂಲಂಟ್ ಮೆತ್ತಿದ ಕೈಯಲ್ಲಿ ಶೀಟು ಹಿಡಿದವನಿಗೆ ತನ್ನ ಮೈಯ ಭಾಷೆಯಲ್ಲಿ ಹೇಳಿದ್ದು ಬೇಗ ತಲುಪುತ್ತದೆ.

ಒಂದೆರಡು ವರ್ಷದ ನಂತರ ವಿಮಾನದ ಬಿಡಿಭಾಗಗಳು ಬರತೊಡಗಿದವು. 1940ರಲ್ಲಿ ಎಚ್‌ಎಎಲ್ ಹುಟ್ಟಿದ ಊರಿದು. ಈ ಊರಿನ ಸಣ್ಣ ಶೆಡ್ಡುಗಳಿಗೂ ಅಂಥ ಕೆಲಸದ ಪಾಲು ಬರುತ್ತದೆ. ಮೊದಲ ಮಾಡೆಲ್ ತೆರೆದಾಗ ಪರದೆ ಖಾಲಿ. ಫೈಲ್ ಕೆಟ್ಟಿದೆ ಎಂದುಕೊಂಡೆ. ಎಲ್ಲವನ್ನೂ ತೋರಿಸು ಎಂದು ಗುಂಡಿ ಒತ್ತಿದಾಗ, ಜೀರೋದಿಂದ ಏಳು ಮೀಟರಿಗೂ ಹೆಚ್ಚು ದೂರದಲ್ಲಿ, ಸ್ವಲ್ಪ ಓರೆಯಾಗಿ, ಸಾಸಿವೆಯಷ್ಟು ಏನೋ ಕಂಡಿತು. ಹತ್ತಿರ ಹೋದರೆ ಅಂಗೈಯಗಲದ ಬ್ರಾಕೆಟ್. ವಿಮಾನದ ಡಿಸೈನರುಗಳು ಇಡೀ ವಿಮಾನಕ್ಕೆ ಒಂದೇ ಜೀರೋ ಇಟ್ಟುಕೊಂಡು, ಪ್ರತಿ ಭಾಗವನ್ನೂ ಅದು ಹಾರುವಾಗ ಎಲ್ಲಿರುತ್ತದೋ ಅಲ್ಲೇ ಬರೆಯುತ್ತಾರೆ. ಕಾರಿನವರೂ ಹಾಗೆಯೇ, ಅವರ ಜೀರೋ ಸಾಮಾನ್ಯವಾಗಿ ಮುಂದಿನ ಗಾಲಿಗಳ ಅಚ್ಚಿನ ಬಳಿ. ಆ ಬ್ರಾಕೆಟ್ ದಿಕ್ಕು ತಪ್ಪಿರಲಿಲ್ಲ, ತನ್ನ ಮನೆಯಲ್ಲಿತ್ತು.

ನಾನು ಅದನ್ನು ಎಳೆದು ತಂದು ಜೀರೋ ಮೇಲೆ ಕೂರಿಸಲು ಹೊರಟೆ. ಎಳೆದೆ, ತಿರುಗಿಸಿದೆ, ಪ್ರೋಗ್ರಾಂ ಮಾಡಿದೆ. ಎರಡು ವಾರದ ಮೇಲೆ ಗಿರಾಕಿ ತಿದ್ದಿದ ಮಾಡೆಲ್ ಕಳಿಸಿದರು. ಅದು ಮತ್ತೆ ಏಳು ಮೀಟರ್ ಆಚೆ! ಮೊದಲು ಎಷ್ಟು ಸರಿಸಿದ್ದೆ, ಯಾವ ಕೋನಕ್ಕೆ ತಿರುಗಿಸಿದ್ದೆ ಎಂಬುದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಎಲ್ಲ ಮೊದಲಿನಿಂದ. ಆಮೇಲೆ ಕಲಿತೆ: ಮಾಡೆಲನ್ನು ಅಲುಗಿಸದೆ, ಅದರ ತಳ, ಬೆನ್ನು, ಎಡಗೈ ನೋಡಿ ಅದರ ಮೇಲೆಯೇ ನಮ್ಮದೊಂದು ಅಕ್ಷವ್ಯವಸ್ಥೆ ಇಡಬೇಕು. ತಿದ್ದಿದ ಮಾಡೆಲ್ ಬಂದರೆ ಅದು ಅದೇ ಜಾಗಕ್ಕೆ ಬಂದು ಕೂರುತ್ತದೆ, ನಮ್ಮ ಜೀರೋ ಕಾಯುತ್ತಿರುತ್ತದೆ. ಮನೆಯನ್ನು ಕಿತ್ತು ತರುವುದು ಬೇಡ, ವಿಳಾಸ ಬರೆದುಕೊಂಡರೆ ಸಾಕು.

ವಿಳಾಸದ ಮಾತು ಹೊಳೆದದ್ದು ಜಯನಗರದಿಂದ. 1948ರಲ್ಲಿ ಅಡಿಪಾಯ ಬಿದ್ದ ಆ ಬಡಾವಣೆಯಲ್ಲಿ ಮೇನುಗಳು ಒಂದು ದಿಕ್ಕಿಗೆ, ಕ್ರಾಸುಗಳು ಇನ್ನೊಂದು ದಿಕ್ಕಿಗೆ. ಎರಡು ಅಂಕಿ ಹೇಳಿದರೆ ಮನೆ ಸಿಗುತ್ತದೆ. ಅದೇ ಜೆ.ಪಿ. ನಗರದಲ್ಲಿ ಕ್ರಾಸ್ ನಂಬರು ಹೇಳಿದರೆ ಆಟೋದವರು ಮೊದಲು ಕೇಳುವುದು ‘ಎಷ್ಟನೇ ಫೇಸ್?’ ಎಂದು. ಮಷಿನಿನಲ್ಲೂ ಹೀಗೆಯೇ. ಜಿ54ರಿಂದ ಜಿ59ರವರೆಗೆ ಆರು ಜೀರೋಗಳನ್ನು ಇಡಬಹುದು. ಒಂದೇ ಅಂಕಿ ಜಿ54ರಲ್ಲಿ ಒಂದು ಜಾಗ, ಜಿ55ರಲ್ಲಿ ಇನ್ನೊಂದು. ಹೊಸ ಹುಡುಗರಿಗೆ ಕಲಿಸುವಾಗ ನಾನು ಇಂದಿಗೂ ಹೀಗೇ ಹೇಳುತ್ತೇನೆ, ಅವರಿಗೆ ಕೂಡಲೇ ಅರ್ಥವಾಗುತ್ತದೆ.

ಇನ್ನೆರಡು ಎಚ್ಚರಿಕೆಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಾಲೇಜುಗಳಲ್ಲಿ ಕಲಿಸುವುದು ಫಸ್ಟ್ ಆಂಗಲ್ ಡ್ರಾಯಿಂಗ್; ಅಮೆರಿಕದ ಡ್ರಾಯಿಂಗುಗಳು ಥರ್ಡ್ ಆಂಗಲ್. ಒಂದರಲ್ಲಿ ಬಲಗಡೆ ಬರೆದ ನೋಟ ಇನ್ನೊಂದರಲ್ಲಿ ಎಡಗಡೆಯದು. ಹಾಳೆಯ ಮೂಲೆಯ ತುದಿ ಕತ್ತರಿಸಿದ ಶಂಕುವಿನ ಚಿಹ್ನೆ ನೋಡದೆ ಓದಿದರೆ ಎಡಗೈ ಭಾಗಕ್ಕೆ ಬದಲು ಬಲಗೈ ಭಾಗ ಹುಟ್ಟುತ್ತದೆ. ಎಸ್‌ಟಿಎಲ್ ಫೈಲಿನಲ್ಲಿ ಅಳತೆಯ ಮಾನವೇ ಇರುವುದಿಲ್ಲ. ಇಂಚಿನಲ್ಲಿ ಬರೆದದ್ದನ್ನು ಮಿಲಿಮೀಟರ್ ಎಂದು ತೆರೆದರೆ ಜಾಬು 25.4 ಪಟ್ಟು ಚಿಕ್ಕದಾಗುತ್ತದೆ. ದಿಕ್ಕು ನೋಡುವ ಹೊತ್ತಿನಲ್ಲೇ ಒಂದು ಅಳತೆಯನ್ನೂ ಡ್ರಾಯಿಂಗಿಗೆ ಹೋಲಿಸಿ ನೋಡಬೇಕು.

ನಮ್ಮ ಶೆಡ್ಡು ಈಗ ಅಲ್ಲಿಲ್ಲ. ಮಷಿನುಗಳು ಊರ ಹೊರಗೆ ಹೋದವು. 2017ರಲ್ಲಿ ಯಲಚೇನಹಳ್ಳಿವರೆಗೆ ಮೆಟ್ರೊ ಬಂದ ಮೇಲೆ ಈ ಕಡೆಯ ಚಹರೆಯೇ ಬದಲಾಗಿದೆ. ಆಯುಧಪೂಜೆಯ ದಿನ ಮಾತ್ರ, ಬೂದುಗುಂಬಳ ಒಡೆದ ರಸ್ತೆಗಳಲ್ಲಿ ನಡೆಯುವಾಗ, ಎಲ್ಲೆಲ್ಲಿ ಇನ್ನೂ ಮಷಿನುಗಳಿವೆ ಎಂದು ಗೊತ್ತಾಗುತ್ತದೆ. ಫೋರ್‌ಮನ್ ತೀರಿಕೊಂಡು ಕೆಲವು ವರ್ಷಗಳಾದವು. ರಾತ್ರಿ ಪಾಳಿಯ ಆ ಹುಡುಗನಿಗೆ ಈಗ ಸ್ವಂತ ಎರಡು ಮಷಿನುಗಳಿವೆ; ಅವನ ಸೆಟಪ್ ಶೀಟುಗಳಲ್ಲೂ ತಳ, ಬೆನ್ನು, ಎಡಗೈ ಎಂದೇ ಇರುತ್ತದೆ.

ಮಾಡೆಲನ್ನು ತಾವಾಗಿಯೇ ಸರಿಯಾಗಿ ಕೂರಿಸುತ್ತೇವೆ ಎನ್ನುವ ಸಾಫ್ಟ್‌ವೇರುಗಳು ಈಗ ಬಂದಿವೆ. ದೊಡ್ಡ ಮುಖ ಯಾವುದು, ಪಾಕೆಟ್ ಯಾವ ಕಡೆ ಎಂದು ಅವು ಹುಡುಕಿ ಕೊಡುತ್ತವೆ, ಅದರಿಂದ ಅನುಕೂಲವೂ ಇದೆ. ಆದರೆ ನಿಮ್ಮ ವೈಸಿನ ಸ್ಟಾಪ್ ಯಾವ ಕಡೆ ಇದೆ, ರಾತ್ರಿ ಪಾಳಿಯವನ ಕೈಗೆ ಯಾವ ಅಭ್ಯಾಸವಿದೆ ಎಂಬುದು ಅವಕ್ಕೆ ಗೊತ್ತಿಲ್ಲ. ಅದನ್ನು ನೀವೇ ಕೋಣೆಯಿಂದ ಎದ್ದು ಹೋಗಿ ನೋಡಬೇಕು.

ಈ ಕೆಲಸಕ್ಕೆ ಹೊಸದಾಗಿ ಬರುವವರಲ್ಲಿ ನನ್ನದೊಂದೇ ವಿನಂತಿ. ಮಾಡೆಲ್ ತೆರೆದ ಕೂಡಲೇ ಟೂಲು ಆರಿಸಲು ಹೋಗಬೇಡಿ. ಇದು ಯಾವುದರ ಮೇಲೆ ಕೂರುತ್ತದೆ, ಯಾವುದಕ್ಕೆ ಒರಗುತ್ತದೆ, ಯಾವುದಕ್ಕೆ ತಾಗುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಸಿಕ್ಕ ಉತ್ತರವನ್ನು ಜಾಬು ಕಟ್ಟುವವನ ಭಾಷೆಯಲ್ಲಿ ಬರೆದು ಅವನ ಕೈಗೆ ಕೊಡಿ.